ಟಚ್ ಪರದೆಯ ಹಿಂದಿನ ತಂತ್ರಾಂಶ: ಕಚೇರಿ ಮಲ್ಟಿಫಂಕ್ಷನ್ ಪ್ರಿಂಟರ್‌ಗಳ ವೇದಿಕೆಗಳ ವಿಮರ್ಶೆ

ಕಚೇರಿಗೆ ಪ್ರಿಂಟ್, ಕಾಪಿ, ಸ್ಕ್ಯಾನ್ ಎಲ್ಲ ಮಾಡುವ ಮಲ್ಟಿಫಂಕ್ಷನ್ ಪ್ರಿಂಟರ್ ಆರಿಸುವಾಗ ನಿಮಿಷಕ್ಕೆ ಎಷ್ಟು ಪುಟ, ಒಂದು ಟೋನರ್‌ಗೆ ಎಷ್ಟು ಪ್ರತಿ, ಕಾಗದದ ಟ್ರೇಗಳು ಎಷ್ಟು ಎಂಬ ಲೆಕ್ಕಗಳೇ ಮೊದಲು ಮಾತಿಗೆ ಬರುತ್ತವೆ. ಒಂದೇ ದರ್ಜೆಯ ಯಂತ್ರಗಳ ನಡುವೆ ಈ ಲೆಕ್ಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಈಗ ಉಳಿದಿಲ್ಲ. ವ್ಯತ್ಯಾಸ ಇರುವುದು ಟಚ್ ಪರದೆಯ ಹಿಂದೆ ಕೆಲಸ ಮಾಡುವ ತಂತ್ರಾಂಶ ವೇದಿಕೆಯಲ್ಲಿ. ಅದು ಚೆನ್ನಾಗಿದ್ದರೆ ಯಂತ್ರ ಕಚೇರಿಯ ಕೆಲಸದ ರೀತಿಗೆ ಹೊಂದಿಕೊಳ್ಳುತ್ತದೆ. ಚೆನ್ನಾಗಿಲ್ಲದಿದ್ದರೆ ಕಚೇರಿಯೇ ಯಂತ್ರಕ್ಕೆ ಹೊಂದಿಕೊಂಡು, ಅದರ ಕೊರತೆಗಳ ಸುತ್ತ ತನ್ನ ದಿನಚರಿಯನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಹೆಚ್ಚುಕಡಿಮೆ ಪ್ರತಿ ದೊಡ್ಡ ತಯಾರಕರೂ ಇಂಥ ಒಂದು ವೇದಿಕೆಯನ್ನು ಇಟ್ಟುಕೊಂಡಿದ್ದಾರೆ. ಕ್ಯಾನನ್‌ನದು ಮೀಪ್, ಝೆರಾಕ್ಸ್‌ನದು ಇಐಪಿ, ರಿಕೋದ್ದು ಇಎಸ್‌ಎ, ಶಾರ್ಪ್‌ನದು ಓಎಸ್‌ಎ, ಕೋನಿಕಾ ಮಿನೋಲ್ಟಾದ್ದು ಓಪನ್‌ಎಪಿಐ, ಕ್ಯೋಸೆರಾದ್ದು ಹೈಪಾಸ್, ಲೆಕ್ಸ್‌ಮಾರ್ಕ್‌ನದು ಇಎಸ್‌ಎಫ್, ಬ್ರದರ್‌ನದು ಬಿಎಸ್‌ಐ, ಎಚ್‌ಪಿಯದು ಓಎಕ್ಸ್‌ಪಿ ಮತ್ತು ವರ್ಕ್‌ಪಾತ್. ಹೆಸರು ಬೇರೆ ಬೇರೆಯಾದರೂ ಉದ್ದೇಶ ಒಂದೇ: ಯಂತ್ರದ ಪರದೆಯ ಮೇಲೆ ಹೊರಗಿನವರು ಬರೆದ ಬಟನ್ ಒಂದನ್ನು ಕೂರಿಸಿ, ಅದರ ಮೂಲಕ ಸ್ಕ್ಯಾನ್, ಪ್ರಿಂಟ್, ಕಾಪಿ, ಲಾಗಿನ್, ಬಳಕೆಯ ಲೆಕ್ಕ ಎಲ್ಲವನ್ನೂ ಆ ಕಚೇರಿಗೆ ಬೇಕಾದಂತೆ ನಡೆಸಲು ಅವಕಾಶ ಕೊಡುವುದು. ಮಾರಾಟದ ಕಿರುಹೊತ್ತಗೆಗಳು ಇವನ್ನು ಆ್ಯಪ್‌ಗಳ ಸಂಖ್ಯೆಯಿಂದ ಅಳೆಯುತ್ತವೆ. ಆ ಅಳತೆಯನ್ನು ನಾನು ಒಪ್ಪುವುದಿಲ್ಲ. ಗ್ಯಾಲರಿಯಲ್ಲಿ ನೂರು ಆ್ಯಪ್ ಇದ್ದರೂ ಒಂದು ಕಚೇರಿ ದಿನವೂ ಬಳಸುವುದು ಮೂರೋ ನಾಲ್ಕೋ. ಹಾಗಾಗಿ ನಾನು ಮೊದಲು ಕೇಳುವುದು ಇನ್ನೊಂದು ಪ್ರಶ್ನೆಯನ್ನು: ಆ ಬಟನ್ ಒತ್ತಿದಾಗ ಓಡುವ ಪ್ರೋಗ್ರಾಂ ಎಲ್ಲಿ ವಾಸವಾಗಿದೆ? ಯಂತ್ರದ ಹೊಟ್ಟೆಯೊಳಗೋ, ಜಾಲದ ಆಚೆಗಿನ ಸರ್ವರ್‌ನಲ್ಲೋ? ವೇದಿಕೆಯ ಬಹುತೇಕ ಗುಣದೋಷಗಳು ಈ ಒಂದು ಉತ್ತರದಿಂದಲೇ ಹುಟ್ಟುತ್ತವೆ.

ಯಂತ್ರದೊಳಗೇ ವಾಸಿಸುವ ಪ್ರೋಗ್ರಾಂಗಳ ಪರಂಪರೆ ಜಾವಾ ಭಾಷೆಯದು. ಕ್ಯಾನನ್‌ನ ಮೀಪ್, ಕ್ಯೋಸೆರಾದ ಹೈಪಾಸ್, ಲೆಕ್ಸ್‌ಮಾರ್ಕ್‌ನ ಇಎಸ್‌ಎಫ್ ಈ ಬಗೆಯವು. ರಿಕೋದ ಹಳೆಯ ಯಂತ್ರಗಳಲ್ಲಿ ಜಾವಾ ಪ್ರೋಗ್ರಾಂ ಓಡಿಸುವ ಜಾವಾ ವರ್ಚುವಲ್ ಮಷೀನ್ ಎಂಬ ತಂತ್ರಾಂಶ ಒಂದು ಎಸ್‌ಡಿ ಕಾರ್ಡಿನಲ್ಲಿ ಬರುತ್ತಿತ್ತು, ಅದನ್ನು ಯಂತ್ರದ ಸ್ಲಾಟಿಗೆ ಹಾಕಿದ ಮೇಲೆಯೇ ಪ್ರೋಗ್ರಾಂ ಓಡುತ್ತಿತ್ತು. ಈ ಬಗೆಯ ದೊಡ್ಡ ಬಲವೆಂದರೆ ಸ್ವಾವಲಂಬನೆ. ಸರ್ವರ್ ಕೈಕೊಟ್ಟರೂ, ಜಾಲ ಕಡಿದರೂ ಯಂತ್ರದ ಮುಂದೆ ನಿಂತವರು ಲಾಗಿನ್ ಆಗಿ ಕಾಪಿ ತೆಗೆದುಕೊಳ್ಳಬಹುದು, ಏಕೆಂದರೆ ಗುರುತು ಪರಿಶೀಲಿಸುವ ಪ್ರೋಗ್ರಾಂ ಅಲ್ಲೇ ಇದೆ ಮತ್ತು ಇತ್ತೀಚಿನ ಬಳಕೆದಾರರ ಪಟ್ಟಿಯನ್ನೂ ಅದು ತನ್ನ ಬಳಿ ಉಳಿಸಿಕೊಂಡಿರಬಲ್ಲದು. ಪರದೆಯ ಸ್ಪಂದನವೂ ಚುರುಕು. ಹೈಪಾಸ್‌ನಲ್ಲಿ ಯುಎಸ್‌ಬಿ ಕಡ್ಡಿಯಿಂದಲೇ ಆ್ಯಪ್ ತುಂಬಬಹುದು, ಲೆಕ್ಸ್‌ಮಾರ್ಕ್‌ನಲ್ಲಿ ಯಂತ್ರದ ಸ್ವಂತ ವೆಬ್ ಪುಟದ ಮೂಲಕ ತುಂಬಿ, ಅಲ್ಲೇ ಆ್ಯಪ್‌ನ ಹೊಂದಿಕೆಗಳನ್ನೂ ತಿದ್ದಬಹುದು. ತಂತ್ರಾಂಶ ವಿಭಾಗವೇ ಇಲ್ಲದ ಚಿಕ್ಕ ಕಚೇರಿಗೆ ಇದು ಬಹಳ ಅನುಕೂಲ.

ಆದರೆ ಅದೇ ಬಗೆಯ ದೌರ್ಬಲ್ಯವೂ ಅಲ್ಲಿಂದಲೇ ಶುರುವಾಗುತ್ತದೆ. ಯಂತ್ರ ಐವತ್ತಿದ್ದರೆ ಪ್ರೋಗ್ರಾಂನ ಪ್ರತಿಗಳೂ ಐವತ್ತು. ಅವುಗಳಲ್ಲಿ ನಾಲ್ಕು ತಲೆಮಾರಿನ ಮಾದರಿಗಳಿದ್ದರೆ ವೇದಿಕೆಯ ಆವೃತ್ತಿಗಳೂ ಅಷ್ಟೇ ಇರುತ್ತವೆ. ಹೊಸ ಆವೃತ್ತಿಗೆ ಬರೆದದ್ದು ಹಳೆಯದರಲ್ಲಿ ಓಡದಿರಬಹುದು. ಮೀಪ್‌ನಲ್ಲಿ ಪರವಾನಗಿ ಕಡತವನ್ನು ಯಂತ್ರದ ಕ್ರಮಸಂಖ್ಯೆಗೆ ಕಟ್ಟಿ ಪಡೆಯಬೇಕಾಗುತ್ತದೆ, ಆದ್ದರಿಂದ ಕೆಟ್ಟ ಯಂತ್ರದ ಜಾಗಕ್ಕೆ ಬದಲಿ ಯಂತ್ರ ಬಂದ ದಿನ ಪರವಾನಗಿ ವರ್ಗಾವಣೆಯೂ ಒಂದು ಕೆಲಸವಾಗುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಫರ್ಮ್‌ವೇರ್, ಅಂದರೆ ಯಂತ್ರವನ್ನೇ ನಡೆಸುವ ಮೂಲ ತಂತ್ರಾಂಶದ ಪರಿಷ್ಕರಣೆ. ನಾನು ಬಲ್ಲ ಒಂದು ಕಚೇರಿಯಲ್ಲಿ ಭದ್ರತೆಯ ಕಾರಣಕ್ಕೆ ಫರ್ಮ್‌ವೇರ್ ಬದಲಿಸಿದ ಮರುದಿನ, ಒಳಗಿದ್ದ ಲಾಗಿನ್ ಪ್ರೋಗ್ರಾಂ ಆರಂಭವಾಗಲೇ ಇಲ್ಲ. ಯಂತ್ರ ಸಂಪೂರ್ಣ ಸುಸ್ಥಿತಿಯಲ್ಲಿದ್ದರೂ ಪರದೆ ಲಾಗಿನ್ ಹಂತ ದಾಟದ ಕಾರಣ ಒಂದು ಪುಟದ ಕಾಪಿಯೂ ಸಾಧ್ಯವಾಗಲಿಲ್ಲ. ಯಂತ್ರ ಕೊಟ್ಟವರು ಪ್ರೋಗ್ರಾಂ ಬರೆದವರ ಕಡೆಗೆ, ಪ್ರೋಗ್ರಾಂ ಬರೆದವರು ಯಂತ್ರ ಕೊಟ್ಟವರ ಕಡೆಗೆ ಬೆರಳು ತೋರಿಸುತ್ತ ಹೊಸ ಆವೃತ್ತಿ ಕೈಗೆ ಬರುವವರೆಗೆ ಕಚೇರಿ ಕಾಯಬೇಕಾಯಿತು. ಜಾವಾ ಬಗೆಯ ವೇದಿಕೆ ಆರಿಸುವವರು ಫರ್ಮ್‌ವೇರ್ ಮತ್ತು ಆ್ಯಪ್ ಎರಡರ ಹೊಣೆಯನ್ನೂ ಒಬ್ಬರೇ ಹೊರುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಎರಡನೆಯ ಬಗೆಯಲ್ಲಿ ಯಂತ್ರದ ಪರದೆ ಒಂದು ಬ್ರೌಸರ್ ಮಾತ್ರ. ಶಾರ್ಪ್‌ನ ಓಎಸ್‌ಎ, ಕೋನಿಕಾ ಮಿನೋಲ್ಟಾದ ಓಪನ್‌ಎಪಿಐ, ಬ್ರದರ್‌ನ ಬಿಎಸ್‌ಐ ಈ ದಾರಿಯವು. ಝೆರಾಕ್ಸ್‌ನ ಇಐಪಿ ಇದನ್ನು ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಭಾಷೆಗಳ ನೆಲೆಯ ಮೇಲೆ ಅಚ್ಚುಕಟ್ಟಾಗಿ ಬೆಳೆಸಿದೆ. ಇಲ್ಲಿ ಪ್ರೋಗ್ರಾಂ ಇರುವುದು ಸರ್ವರ್‌ನಲ್ಲಿ. ಬಟನ್ ಒತ್ತಿದಾಗ ಪುಟ ಅಲ್ಲಿಂದ ಬಂದು ಪರದೆಯ ಮೇಲೆ ಮೂಡುತ್ತದೆ, ಬಳಕೆದಾರರು ತುಂಬಿದ ವಿವರ ಅಲ್ಲಿಗೆ ಹೋಗುತ್ತದೆ, ಸ್ಕ್ಯಾನ್ ಮಾಡು, ಇಂಥ ಗುಣಮಟ್ಟದಲ್ಲಿ ಮಾಡು, ಇಂಥ ವಿಳಾಸಕ್ಕೆ ಕಳಿಸು ಎಂಬ ಆದೇಶ ಸೋಪ್ (SOAP) ಮುಂತಾದ, ಪ್ರೋಗ್ರಾಂಗಳು ಜಾಲದಲ್ಲಿ ಪರಸ್ಪರ ಮಾತಾಡುವ ವೆಬ್ ಸೇವೆಗಳ ಮೂಲಕ ಯಂತ್ರಕ್ಕೆ ತಲುಪುತ್ತದೆ. ಫಾರಂನಲ್ಲಿ ಒಂದು ಅಂಕಣ ಸೇರಿಸಬೇಕಾದರೆ ಸರ್ವರ್‌ನಲ್ಲಿ ಒಮ್ಮೆ ತಿದ್ದಿದರೆ ಸಾಕು, ಎಲ್ಲ ಯಂತ್ರಗಳಲ್ಲೂ ಆ ಗಳಿಗೆಯಿಂದಲೇ ಅದು ಕಾಣಿಸುತ್ತದೆ. ವೆಬ್ ಪುಟ ಕಟ್ಟಬಲ್ಲ ಯಾವ ಪ್ರೋಗ್ರಾಮರ್ ಕೂಡ ಸ್ವಲ್ಪ ಅಭ್ಯಾಸದಿಂದ ಇದನ್ನು ಕಲಿಯಬಹುದು. ಸಂಸ್ಥೆಯೊಳಗಿನವರೇ ತಮ್ಮ ಪ್ರಿಂಟರ್‌ನ ಪರದೆಯನ್ನು ತಾವೇ ರೂಪಿಸಿಕೊಳ್ಳುವ ಸ್ಥಿತಿಗೆ ಅತ್ಯಂತ ಹತ್ತಿರ ಬಂದಿರುವುದು ಈ ಬಗೆ. ನನ್ನ ಒಲವೂ ಇದರ ಕಡೆಗೇ ಇದೆ.

ಒಲವಿದೆ ಎಂದು ಇದರ ಕೊರತೆಗಳನ್ನು ಬಿಡುವಂತಿಲ್ಲ. ಸರ್ವರ್ ನಿಂತರೆ ಎಲ್ಲ ಯಂತ್ರಗಳ ಬಟನ್‌ಗಳೂ ಒಟ್ಟಿಗೇ ನಿಷ್ಕ್ರಿಯವಾಗುತ್ತವೆ. ಅದಕ್ಕಿಂತ ಸೂಕ್ಷ್ಮವಾದ ತೊಂದರೆ ಬ್ರೌಸರ್‌ನ ವಯಸ್ಸಿನದು. ಕಂಪ್ಯೂಟರಿನ ಬ್ರೌಸರ್ ಕೆಲವೇ ವಾರಗಳಿಗೊಮ್ಮೆ ಹೊಸದಾಗುತ್ತದೆ, ಪ್ರಿಂಟರ್‌ನೊಳಗಿನದು ಯಂತ್ರ ತಯಾರಾದ ಕಾಲದಲ್ಲೇ ಬಹುಮಟ್ಟಿಗೆ ನಿಂತುಬಿಡುತ್ತದೆ. ಹೊಸ ಜಾವಾಸ್ಕ್ರಿಪ್ಟ್ ಬರಹ ಅದಕ್ಕೆ ಅರ್ಥವಾಗದೆ ಪುಟ ಖಾಲಿಯಾಗಿ ಮೂಡಬಹುದು. ಸರ್ವರ್‌ನಲ್ಲಿ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಪದ್ಧತಿಯ ಹಳೆಯ ಆವೃತ್ತಿಗಳನ್ನು ಮುಚ್ಚಿದ ದಿನ, ಅಥವಾ ಸರ್ವರ್‌ನ ಗುರುತು ಸಾರುವ ಹೊಸ ಪ್ರಮಾಣಪತ್ರದ ಮೂಲ ಪ್ರಾಧಿಕಾರ ಯಂತ್ರದ ನಂಬಿಕೆಯ ಪಟ್ಟಿಯಲ್ಲಿ ಇಲ್ಲದಿದ್ದಾಗ, ಸಂಪರ್ಕವೇ ಏರ್ಪಡುವುದಿಲ್ಲ. ಪರದೆಯ ಮೇಲೆ ಕಾಣುವುದು ಮಾತ್ರ ಸಂಪರ್ಕ ದೋಷ ಎಂಬ ಒಂದು ಸಾಲು. ಆದ್ದರಿಂದ ಈ ಬಗೆಗೆ ಪುಟ ಬರೆಯುವವರು ಉದ್ದೇಶಪೂರ್ವಕವಾಗಿ ಸರಳವಾಗಿ, ಹಳೆಯ ರೀತಿಯಲ್ಲೇ ಬರೆಯಬೇಕು. ಇನ್ನೊಂದು ವಿಷಯವನ್ನೂ ಗಮನಿಸಬೇಕು: ಶಾರ್ಪ್‌ನ ಅನೇಕ ಮಾದರಿಗಳಲ್ಲಿ ಹೊರಗಿನ ಆ್ಯಪ್‌ನೊಡನೆ ಮಾತಾಡುವ ಮಾಡ್ಯೂಲ್ ಬೇರೆ, ಹೊರಗಿನ ಲೆಕ್ಕಪತ್ರ ವ್ಯವಸ್ಥೆಗೆ ಜೋಡಿಸುವ ಮಾಡ್ಯೂಲ್ ಬೇರೆ, ಎರಡಕ್ಕೂ ಪ್ರತ್ಯೇಕ ಕೀಲಿಸಂಖ್ಯೆ ಬೇಕು. ವೇದಿಕೆ ಇದೆ ಎನ್ನುವುದಕ್ಕೂ ಅದು ನಿಮ್ಮ ಯಂತ್ರದಲ್ಲಿ ತೆರೆದಿದೆ ಎನ್ನುವುದಕ್ಕೂ ಹೀಗೆ ಅಂತರವಿರುತ್ತದೆ, ದರಪಟ್ಟಿ ಓದುವಾಗ ಇದು ಕಣ್ತಪ್ಪಬಾರದು.

ಮೂರನೆಯ ಬಗೆ ಆಂಡ್ರಾಯ್ಡ್‌ನದು. ರಿಕೋದ ಸ್ಮಾರ್ಟ್ ಆಪರೇಷನ್ ಪ್ಯಾನೆಲ್ ಮತ್ತು ಎಚ್‌ಪಿಯ ವರ್ಕ್‌ಪಾತ್ ಇದರ ಪ್ರಮುಖ ಉದಾಹರಣೆಗಳು. ಫೋನ್ ಬಳಸಿ ರೂಢಿಯಿರುವ ಯಾರಿಗೂ ಇವುಗಳ ಪರದೆ ಕಲಿಯಬೇಕಾದ ವಸ್ತುವೇ ಅಲ್ಲ, ಸರಿಸುವುದು, ಹಿಗ್ಗಿಸುವುದು, ಅಕ್ಷರ ಒತ್ತುವುದು ಎಲ್ಲವೂ ಸಹಜ. ಬಳಕೆಯ ಹಿತದಲ್ಲಿ ಉಳಿದ ಎರಡು ಬಗೆಗಳು ಇದಕ್ಕೆ ಸಾಟಿಯಲ್ಲ. ನನ್ನ ಸಂಕೋಚ ಇರುವುದು ಆಯುಷ್ಯದ ವಿಷಯದಲ್ಲಿ. ಕಚೇರಿ ಪ್ರಿಂಟರ್ ಐದು ವರ್ಷ ದಾಟಿ ಬಾಳುವ ಯಂತ್ರ, ಆದರೆ ಆಂಡ್ರಾಯ್ಡ್ ಆವೃತ್ತಿಗಳು ವರ್ಷಕ್ಕೊಂದರಂತೆ ಹೊಸದಾಗುತ್ತವೆ. ಪ್ಯಾನೆಲ್‌ನಲ್ಲಿ ಯಾವ ಆವೃತ್ತಿ ಇದೆ, ಅದಕ್ಕೆ ಭದ್ರತಾ ತಿದ್ದುಪಡಿಗಳು ಎಲ್ಲಿಯವರೆಗೆ ಬರುತ್ತವೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯದೆ ಈ ಬಗೆಯನ್ನು ಕೊಳ್ಳಬಾರದು.

ಕಾರ್ಡ್ ಲಾಗಿನ್ ವಿಷಯಕ್ಕೆ ಬರೋಣ, ಏಕೆಂದರೆ ಬಹುಪಾಲು ಕಚೇರಿಗಳು ವೇದಿಕೆಯನ್ನು ಕೊಳ್ಳುವುದೇ ಇದಕ್ಕಾಗಿ. ಪ್ರಿಂಟ್ ಕೊಟ್ಟ ಕೂಡಲೇ ಕಾಗದ ಹೊರಗೆ ಬೀಳದೆ ಸರ್ವರ್‌ನಲ್ಲಿ ಕಾದಿರುತ್ತದೆ, ಯಾವುದೇ ಯಂತ್ರದ ಬಳಿ ಹೋಗಿ ಗುರುತಿನ ಕಾರ್ಡ್ ತೋರಿಸಿದಾಗ ಅಲ್ಲಿ ಹೊರಬರುತ್ತದೆ. ಯಾರೂ ಎತ್ತಿಕೊಳ್ಳದೆ ಟ್ರೇಯಲ್ಲಿ ಉಳಿಯುವ ಕಾಗದಗಳು ಇಲ್ಲವಾಗುತ್ತವೆ, ಸಂಬಳದ ವಿವರದಂಥ ಗುಟ್ಟಿನ ಪುಟಗಳು ಪರರ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಪೇಪರ್‌ಕಟ್ ಎಂಎಫ್, ಈಕ್ವಿಟ್ರಾಕ್, ವೈಸಾಫ್ಟ್ ಸೇಫ್‌ಕ್ಯೂ, ಯೂನಿಫ್ಲೋ ಮುಂತಾದ ಮುದ್ರಣ ನಿರ್ವಹಣಾ ತಂತ್ರಾಂಶಗಳು ಈ ಕೆಲಸವನ್ನು ತಯಾರಕರ ವೇದಿಕೆಗಳ ಮೇಲೆ ನಿಂತು ಮಾಡುತ್ತವೆ. ಒಂದೇ ತಂತ್ರಾಂಶವಾದರೂ ಒಂದು ತಯಾರಕರ ಯಂತ್ರದಲ್ಲಿ ಅದು ಎಲ್ಲ ಅನುಕೂಲಗಳೊಡನೆ, ಇನ್ನೊಬ್ಬರದರಲ್ಲಿ ಅರ್ಧಂಬರ್ಧವಾಗಿ ಕಾಣಿಸಿದರೆ, ಆ ವ್ಯತ್ಯಾಸದ ಕಾರಣ ಹೆಚ್ಚಾಗಿ ಕೆಳಗಿನ ವೇದಿಕೆಯೇ.

ಕಾರ್ಡ್ ತೋರಿಸಿದ ಆ ಕ್ಷಣವನ್ನು ಹತ್ತಿರದಿಂದ ನೋಡಿದರೆ ವೇದಿಕೆಯ ಗುಣಮಟ್ಟ ಸ್ಪಷ್ಟವಾಗಿ ತಿಳಿಯುತ್ತದೆ. ರೀಡರ್ ಕಾರ್ಡಿನ ಸಂಖ್ಯೆಯನ್ನು ಓದುತ್ತದೆ. ಅನೇಕ ರೀಡರ್‌ಗಳು ಯಂತ್ರಕ್ಕೆ ತಾವೊಂದು ಕೀಬೋರ್ಡ್ ಎಂದೇ ಪರಿಚಯಿಸಿಕೊಂಡು, ಆ ಸಂಖ್ಯೆಯನ್ನು ಬೆರಳಚ್ಚು ಮಾಡಿದಂತೆ ಒಪ್ಪಿಸುತ್ತವೆ. ಇಲ್ಲೇ ಮೊದಲ ತೊಡಕು: ಒಂದು ರೀಡರ್ ಸಂಖ್ಯೆಯನ್ನು ಮಾಮೂಲು ದಶಮಾನ ಪದ್ಧತಿಯಲ್ಲಿ ಕೊಟ್ಟರೆ ಇನ್ನೊಂದು ಹದಿನಾರರ ನೆಲೆಯ ಹೆಕ್ಸಾಡೆಸಿಮಲ್‌ನಲ್ಲಿ ಕೊಡುತ್ತದೆ, ಮತ್ತೊಂದು ಬೈಟ್‌ಗಳ ಕ್ರಮವನ್ನೇ ಹಿಂದುಮುಂದಾಗಿ ಕೊಡುತ್ತದೆ. ಬಾಗಿಲು ತೆರೆಯುವ ವ್ಯವಸ್ಥೆಯಲ್ಲಿ ಒಂದು ಸಂಖ್ಯೆಯಾಗಿ ದಾಖಲಾದ ಮೈಫೇರ್ ಎಂಬ ಬಗೆಯ ಸ್ಪರ್ಶರಹಿತ ಕಾರ್ಡ್, ಪ್ರಿಂಟರ್‌ನಲ್ಲಿ ಬೇರೊಂದೇ ಸಂಖ್ಯೆಯಾಗಿ ಕಾಣಿಸಿ, ಈ ಬಳಕೆದಾರರು ಯಾರೆಂದೇ ತಿಳಿಯದು ಎಂಬ ಸಂದೇಶ ಬರುತ್ತದೆ. ಸಂಖ್ಯೆಯನ್ನು ಪರಿವರ್ತಿಸುವ ಸೌಲಭ್ಯ ವೇದಿಕೆಯಲ್ಲೋ ನಿರ್ವಹಣಾ ತಂತ್ರಾಂಶದಲ್ಲೋ ಇದ್ದರೆ ಇದು ಒಂದೇ ಹೊಂದಿಕೆಯಿಂದ ಮುಗಿಯುವ ಮಾತು, ಇಲ್ಲದಿದ್ದರೆ ಪ್ರತಿಯೊಬ್ಬರ ಕಾರ್ಡನ್ನೂ ಮತ್ತೆ ನೋಂದಾಯಿಸಬೇಕು. ಸಂಖ್ಯೆ ಸರಿಯಾದ ಮೇಲೆ ಅದು ಸರ್ವರ್‌ಗೆ ಹೋಗಿ, ಕಚೇರಿಯ ಬಳಕೆದಾರರ ದಾಖಲೆಯಿರುವ ಆ್ಯಕ್ಟಿವ್ ಡೈರೆಕ್ಟರಿಯ ಹೆಸರಿಗೆ ಜೋಡಣೆಯಾಗಿ, ಕಾದಿರುವ ಪ್ರಿಂಟ್‌ಗಳ ಪಟ್ಟಿ ಪರದೆಗೆ ಬರಬೇಕು. ಇಷ್ಟೂ ಎರಡು ಮೂರು ಸೆಕೆಂಡುಗಳೊಳಗೆ ಆದರೆ ಜನ ವ್ಯವಸ್ಥೆಯನ್ನು ಒಪ್ಪಿಕೊಳ್ಳುತ್ತಾರೆ. ಹತ್ತು ಸೆಕೆಂಡು ಹಿಡಿದರೆ ಕಾರ್ಡನ್ನು ಮತ್ತೆ ಮತ್ತೆ ತೋರಿಸುತ್ತಾರೆ, ಎರಡನೆಯ ಸಲ ತೋರಿಸಿದ್ದನ್ನು ಕೆಲವು ವ್ಯವಸ್ಥೆಗಳು ಲಾಗೌಟ್ ಎಂದು ತಿಳಿಯುತ್ತವೆ, ಮೊದಲಿನಿಂದ ಎಲ್ಲವೂ ಶುರುವಾಗುತ್ತದೆ. ಯಂತ್ರ ನಿದ್ರಾವಸ್ಥೆಯಿಂದ ಎದ್ದ ಕೂಡಲೇ ರೀಡರ್ ಜೀವ ಪಡೆಯುತ್ತದೆಯೇ ಎಂಬುದನ್ನೂ ಇದರೊಡನೆ ಪರೀಕ್ಷಿಸಬೇಕು. ಪ್ರದರ್ಶನದ ಸಮಯದಲ್ಲಿ ಯಂತ್ರ ಸದಾ ಎಚ್ಚರವಾಗಿಯೇ ಇರುತ್ತದೆ, ಈ ದೋಷ ಅಲ್ಲಿ ಕಾಣುವುದಿಲ್ಲ.

ಲಾಗಿನ್‌ನ ಮಟ್ಟಿಗೆ ಯಂತ್ರದೊಳಗಿನ ಜಾವಾ ಬಗೆಯೇ ಮೇಲು ಎಂದು ನನಗನ್ನಿಸುತ್ತದೆ. ಸ್ಕ್ಯಾನ್ ಕೆಲಸಗಳಲ್ಲಿ ತೀರ್ಪು ತಿರುಗುತ್ತದೆ. ಪೂರೈಕೆದಾರರ ಬಿಲ್‌ಗಳನ್ನು ಸ್ಕ್ಯಾನ್ ಮಾಡಿ ಲೆಕ್ಕಪತ್ರ ವಿಭಾಗಕ್ಕೆ ಕಳಿಸುವ ಸಾಮಾನ್ಯ ಕೆಲಸವನ್ನೇ ತೆಗೆದುಕೊಳ್ಳೋಣ. ಪೂರೈಕೆದಾರರ ಸಂಖ್ಯೆ ಒತ್ತಿದಾಗ ಹೆಸರು ಪಕ್ಕದಲ್ಲೇ ಮೂಡಬೇಕು, ತಪ್ಪು ಸಂಖ್ಯೆಗೆ ಸ್ಕ್ಯಾನ್ ಆರಂಭವಾಗಬಾರದು, ಕಡತದ ಹೆಸರು ತಾನಾಗಿ ರಚನೆಯಾಗಬೇಕು, ಖಾಲಿ ಪುಟಗಳು ಬಿಟ್ಟುಹೋಗಬೇಕು, ಹುಡುಕಬಲ್ಲ ಪಿಡಿಎಫ್ ಸರಿಯಾದ ಜಾಗದಲ್ಲಿ ಕೂರಬೇಕು. ಪೂರೈಕೆದಾರರ ಪಟ್ಟಿ ಹೇಗೂ ಸರ್ವರ್‌ನಲ್ಲೇ ಇರುವುದರಿಂದ ಬ್ರೌಸರ್ ಬಗೆಯಲ್ಲಿ ಇದೆಲ್ಲ ಸಲೀಸು. ಅಕ್ಷರ ಗುರುತಿಸುವ ಓಸಿಆರ್ ಕೆಲಸವನ್ನು ಯಂತ್ರದೊಳಗೆ ಮಾಡಿಸದೆ ಸರ್ವರ್‌ಗೆ ಬಿಡುವುದು ಉತ್ತಮ, ಏಕೆಂದರೆ ಯಂತ್ರದ ಪ್ರೊಸೆಸರ್ ಅದರಲ್ಲಿ ಮುಳುಗಿದಷ್ಟು ಹೊತ್ತೂ ಹಿಂದೆ ನಿಂತವರು ಕಾಯಬೇಕಾಗುತ್ತದೆ. 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕೆಗಳ ಸ್ಪಷ್ಟತೆ, ಇಂಥ ಓದಿಗೆ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಕಡತ ದಪ್ಪವಾಗುತ್ತದೆಯೇ ಹೊರತು ಮಾಮೂಲು ಮುದ್ರಿತ ಅಕ್ಷರದ ಓದು ಅಷ್ಟೇನೂ ಸುಧಾರಿಸುವುದಿಲ್ಲ.

ವೇದಿಕೆ ಎಷ್ಟೇ ಚೆನ್ನಾಗಿದ್ದರೂ ಅದರ ಕೆಳಗಿನ ಸಂಪರ್ಕ ಪದ್ಧತಿಗಳು ಹಳೆಯದಾದರೆ ಕೆಲಸ ನಿಲ್ಲುತ್ತದೆ. 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಜಾಲದಲ್ಲಿ ಫೋಲ್ಡರ್ ಹಂಚಿಕೊಳ್ಳುವ ಎಸ್‌ಎಂಬಿ ಪದ್ಧತಿಯ ಮೊದಲ ಆವೃತ್ತಿಯನ್ನು ಮೈಕ್ರೋಸಾಫ್ಟ್ ಪೂರ್ವನಿಯೋಜಿತವಾಗಿ ಅಳವಡಿಸುವುದನ್ನು ಬಿಟ್ಟಿತು. ಆ ಒಂದೇ ಆವೃತ್ತಿ ಬಲ್ಲ ಪ್ರಿಂಟರ್‌ಗಳ ಫೋಲ್ಡರ್‌ಗೆ ಸ್ಕ್ಯಾನ್ ಮಾಡುವ ಸೌಲಭ್ಯ ಅಲ್ಲಿಗೆ ಕುಂಟಿತು. ಇಂಟರ್ನೆಟ್ ಮೂಲಕ ಮುದ್ರಿಸಲು ನೆರವಾಗುತ್ತಿದ್ದ ಗೂಗಲ್ ಕ್ಲೌಡ್ ಪ್ರಿಂಟ್ ಸೇವೆ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಬರಿಯ ಪಾಸ್‌ವರ್ಡ್ ಒಪ್ಪಿಸಿ ಇಮೇಲ್ ಕಳಿಸುವ ರೀತಿಯನ್ನು ದೊಡ್ಡ ಇಮೇಲ್ ಸೇವೆಗಳು ಕೈಬಿಡುತ್ತಿದ್ದು, ಪಾಸ್‌ವರ್ಡ್ ಬದಲು ಅನುಮತಿ ಚೀಟಿ ಬಳಸುವ ಓಆತ್ ಪದ್ಧತಿ ತಿಳಿಯದ ಯಂತ್ರಗಳಿಂದ ಇಮೇಲ್‌ಗೆ ಸ್ಕ್ಯಾನ್ ಹೋಗದಾಗುತ್ತಿದೆ. ಮತ್ತೊಂದು ದಿಕ್ಕಿನಲ್ಲಿ ಒಳ್ಳೆಯ ಬೆಳವಣಿಗೆಯೂ ಇದೆ: ತಯಾರಕರ ಸ್ವಂತ ಡ್ರೈವರ್‌ಗಳನ್ನು ಹಂತಹಂತವಾಗಿ ಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿ ಜಾಲದ ಮೂಲಕ ಮುದ್ರಿಸುವ ಐಪಿಪಿ ಮಾನದಂಡದ ಕಡೆಗೆ ಮುಖಮಾಡಿದೆ. 1999ರಲ್ಲಿ ಮೊದಲ ರೂಪ ಕಂಡ ಈ ಐಪಿಪಿ, ಪ್ರಿಂಟರ್‌ನ ಸ್ಥಿತಿಗತಿ ತಿಳಿಸುವ ಎಸ್‌ಎನ್‌ಎಂಪಿ, ಇಂಥ ಸಾರ್ವಜನಿಕ ಮಾನದಂಡಗಳನ್ನು ಶ್ರದ್ಧೆಯಿಂದ ಪಾಲಿಸುವ ಯಂತ್ರದಲ್ಲಿ ವೇದಿಕೆಯ ಮೇಲಿನ ಭಾರ ಕಡಿಮೆ. ಮಾನದಂಡದಿಂದಲೇ ಆಗುವ ಕೆಲಸಕ್ಕೆ ತಯಾರಕರ ಸ್ವಂತ ವೇದಿಕೆಯನ್ನು ಬಳಸದಿರುವುದು ಒಳ್ಳೆಯದು.

ಭದ್ರತೆಯ ವಿಷಯದಲ್ಲಿ ನಾನು ಯಾವ ವೇದಿಕೆಗೂ ಪೂರ್ಣ ಅಂಕ ಕೊಡಲಾರೆ. ಈ ಯಂತ್ರಗಳು ಜಾಲದೊಳಗೆ ಡಿಸ್ಕ್, ಪ್ರೊಸೆಸರ್, ವೆಬ್ ಸರ್ವರ್ ಎಲ್ಲ ಇರುವ ಕಂಪ್ಯೂಟರ್‌ಗಳೇ, ಆದರೂ ಆ ಕಾಳಜಿ ಅವುಗಳಿಗೆ ಸಿಗುವುದು ಅಪರೂಪ. 2023ರಲ್ಲಿ ಪೇಪರ್‌ಕಟ್‌ನ ಸರ್ವರ್ ತಂತ್ರಾಂಶದಲ್ಲಿ ಲಾಗಿನ್ ಇಲ್ಲದೆಯೇ ದೂರದಿಂದ ಆದೇಶ ಓಡಿಸಲು ಬಿಡುವ ದೋಷ ಬೆಳಕಿಗೆ ಬಂದಿತು. ಅದರ ತೀವ್ರತೆಯ ಅಂಕ 10ಕ್ಕೆ 9.8. ತಿದ್ದುಪಡಿ ಮಾರ್ಚ್‌ನಲ್ಲೇ ಬಂದಿದ್ದರೂ ಅಳವಡಿಸಿಕೊಳ್ಳದ ಸರ್ವರ್‌ಗಳ ಮೇಲೆ ಏಪ್ರಿಲ್‌ನಲ್ಲಿ ದಾಳಿಗಳಾದವು. ಮುದ್ರಣ ಸರ್ವರ್ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿರಬಾರದು, ಪ್ರಿಂಟರ್‌ಗಳು ತಮ್ಮದೇ ಪ್ರತ್ಯೇಕ ಜಾಲಭಾಗದಲ್ಲಿರಬೇಕು, ನಿರ್ವಾಹಕರ ಮೂಲ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಬೇಕು. ವೇದಿಕೆಯ ಕಡೆಯಿಂದ ನಾನು ಬಯಸುವುದು ಎರಡನ್ನು: ಡಿಜಿಟಲ್ ಸಹಿ ಇಲ್ಲದ ಆ್ಯಪ್ ಒಳಸೇರದಂತೆ ತಡೆ, ಮತ್ತು ಪ್ರತಿ ಆ್ಯಪ್‌ಗೂ ವಿಳಾಸಪಟ್ಟಿ, ಸ್ಕ್ಯಾನರ್, ಜಾಲ ಇವುಗಳ ಮೇಲೆ ಬೇರೆ ಬೇರೆಯಾಗಿ ಅನುಮತಿ ಕೊಡುವ ಅವಕಾಶ. ಮೊದಲನೆಯದು ಈಗ ಸಾಮಾನ್ಯವಾಗುತ್ತಿದೆ. ಎರಡನೆಯದು ನಾನು ಕಂಡ ಮಟ್ಟಿಗೆ ಇನ್ನೂ ಅಸಮರ್ಪಕ.

ತಯಾರಕ ಕಂಪನಿಯ ಭವಿಷ್ಯವೂ ವಿಮರ್ಶೆಯ ಭಾಗವೇ. ಸ್ಯಾಮ್‌ಸಂಗ್ ತನ್ನ ಎಕ್ಸ್‌ಓಎ ವೇದಿಕೆಯನ್ನು ಶ್ರಮದಿಂದ ಬೆಳೆಸಿತ್ತು. 2017ರಲ್ಲಿ ಅದರ ಪ್ರಿಂಟರ್ ವ್ಯವಹಾರ ಪೂರ್ತಿಯಾಗಿ ಎಚ್‌ಪಿಯ ಪಾಲಾದಾಗ, ಆ ವೇದಿಕೆಗಾಗಿ ಬರೆದವರೆಲ್ಲರ ಮುಂದಿನ ದಾರಿಯನ್ನು ಬೇರೊಂದು ಕಂಪನಿ ನಿರ್ಧರಿಸುವಂತಾಯಿತು. ಇಂಥ ಬದಲಾವಣೆಯಲ್ಲಿ ಸರ್ವರ್ ಮೇಲೆ ಬರೆದ ತರ್ಕ ಬಹುಪಾಲು ಉಳಿಯುತ್ತದೆ, ಯಂತ್ರಕ್ಕೆ ಆದೇಶ ಕೊಡುವ ತೆಳುವಾದ ಪದರವನ್ನಷ್ಟೇ ಮತ್ತೆ ಬರೆಯಬೇಕಾಗುತ್ತದೆ. ಯಂತ್ರದೊಳಗೆ ಬರೆದದ್ದಕ್ಕೆ ಆ ಭಾಗ್ಯವಿಲ್ಲ.

ಹೀಗಾಗಿ ಹಲವು ತಯಾರಕರ ಯಂತ್ರಗಳಿರುವ, ಸ್ವಂತ ತಂತ್ರಾಂಶ ತಂಡವಿರುವ ಸಂಸ್ಥೆಗೆ ನಾನು ಇಐಪಿ ಅಥವಾ ಓಪನ್‌ಎಪಿಐ ಬಗೆಯ ಬ್ರೌಸರ್ ವೇದಿಕೆಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಬೆರಳೆಣಿಕೆಯ ಯಂತ್ರಗಳಿರುವ, ಸರ್ವರ್ ನೋಡಿಕೊಳ್ಳುವವರಿಲ್ಲದ ಕಚೇರಿಗೆ ಹೈಪಾಸ್ ಅಥವಾ ಇಎಸ್‌ಎಫ್ ಹೆಚ್ಚು ನೆಮ್ಮದಿ ಕೊಡುತ್ತದೆ. ಲಾಗಿನ್ ಎಂದೂ ನಿಲ್ಲಬಾರದು ಎನ್ನುವಲ್ಲಿ ಮೀಪ್ ಗಟ್ಟಿಯಾದ ಆಯ್ಕೆ. ಬಳಕೆದಾರರು ದಿನವೂ ಬದಲಾಗುತ್ತ, ಪರದೆಯನ್ನು ಕಲಿಸಲು ಸಮಯವೇ ಇಲ್ಲದ ಕಡೆಗೆ ಆಂಡ್ರಾಯ್ಡ್ ಪ್ಯಾನೆಲ್ ಸರಿಹೊಂದುತ್ತದೆ, ಭದ್ರತಾ ತಿದ್ದುಪಡಿಯ ಅವಧಿಯನ್ನು ಕಾಗದದ ಮೇಲೆ ಪಡೆದಿದ್ದರೆ.

ಯಾವುದನ್ನೇ ಆರಿಸಿದರೂ ಗುತ್ತಿಗೆಗೆ ಸಹಿ ಹಾಕುವ ಮೊದಲು ಯಂತ್ರ ಹಿಂದಿರುಗುವ ದಿನದ ಬಗ್ಗೆ ಕೇಳಬೇಕು. ವಿಳಾಸಪಟ್ಟಿಯನ್ನು ಸಾಮಾನ್ಯ ಸಿಎಸ್‌ವಿ ಕಡತವಾಗಿ ಹೊರತೆಗೆಯಲು ಬರುತ್ತದೆಯೇ, ಆ್ಯಪ್‌ನ ಹೊಂದಿಕೆಗಳನ್ನು ಉಳಿಸಿಕೊಂಡು ಮುಂದಿನ ಮಾದರಿಗೆ ತುಂಬಬಹುದೇ, ಪರವಾನಗಿ ಹೊಸ ಯಂತ್ರಕ್ಕೆ ವರ್ಗವಾಗುತ್ತದೆಯೇ ಅಥವಾ ಮತ್ತೆ ಕೊಳ್ಳಬೇಕೇ, ಡಿಸ್ಕನ್ನು ಅಳಿಸಿದಾಗ ಆ್ಯಪ್ ಉಳಿಸಿಕೊಂಡಿದ್ದ ಬಳಕೆದಾರರ ಮಾಹಿತಿಯೂ ಅಳಿಯುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಒಪ್ಪಂದದ ಭಾಗವಾಗಿಯೇ ಇರಬೇಕು.